ಕಂಪ್ಯೂಟರ್ ಬಲ ಹಂಚಿಕೊಳ್ಳುವ ನಿಯಮ ಬರೆಯುವವರು ಯಾರು? ಮೈಸೂರು, ಮಂಡ್ಯಕ್ಕೆ ಇದು ಯಾಕೆ ಮುಖ್ಯ?

ಕೇಂದ್ರ ಸಚಿವ ಸಂಪುಟ 2024ರ ಮಾರ್ಚ್‌ನಲ್ಲಿ ಇಂಡಿಯಾ ಎಐ ಮಿಷನ್‌ಗೆ ಸುಮಾರು 10,372 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಆಗಿನ ಗುರಿ 10,000 ಜಿಪಿಯು, ಅಂದರೆ ಎಐ ಲೆಕ್ಕಾಚಾರಕ್ಕೆ ಬೇಕಾದ ಚಿಪ್. 2025ರ ಹೊತ್ತಿಗೆ ಸಂಖ್ಯೆ 38,000 ದಾಟಿದೆ ಎಂದು ಸರ್ಕಾರ ಹೇಳಿತು. ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಮೈಸೂರಿನಲ್ಲೋ ಮಂಡ್ಯದಲ್ಲೋ ಕೂತು ಕೆಲಸ ಮಾಡುವ ಸಂಶೋಧಕರಿಗೆ ಬೇರೆ ಪ್ರಶ್ನೆಗಳಿವೆ. ಒಂದು ಕಡೆಯ ಯಂತ್ರಕ್ಕೆ ಬರೆದ ಕೆಲಸ ಇನ್ನೊಂದು ಕಡೆ ಓಡುತ್ತಾ? ಇಲ್ಲಿನ ಲಾಗಿನ್ ಅಲ್ಲಿ ನಡೆಯುತ್ತಾ? ಇವತ್ತು ಇಟ್ಟ ಡೇಟಾವನ್ನು ನಾಳೆ ಬೇರೆ ಕಡೆ ಸಾಗಿಸೋಕೆ ಆಗುತ್ತಾ?

ಮಂಡ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿ ಕಬ್ಬಿನ ಎಲೆಯ ಫೋಟೋ ನೋಡಿ ತುಕ್ಕು ರೋಗ ಗುರುತಿಸುವ ಮಾಡೆಲ್ ತಯಾರಿಸುತ್ತಿದ್ದಾಳೆ ಅಂತಿಟ್ಟುಕೊಳ್ಳಿ. ಕಾಲೇಜಿನಲ್ಲಿ ಜೋಡಿಸಿಟ್ಟ ಕಂಪ್ಯೂಟರ್‌ಗಳ ಸಣ್ಣ ಕ್ಲಸ್ಟರ್‌ನಲ್ಲಿ ಪಿಬಿಎಸ್ ಎಂಬ ಶೆಡ್ಯೂಲರ್ ಇದೆ. ಯಾರ ಕೆಲಸ ಯಾವಾಗ, ಯಾವ ಯಂತ್ರದಲ್ಲಿ ಓಡಬೇಕು ಎಂದು ತೀರ್ಮಾನಿಸುವ ಸಾಫ್ಟ್‌ವೇರ್ ಅದು. ಅಲ್ಲಿ ಅವಳು 'ಹೈಫನ್ ದೊಡ್ಡ ಎನ್' ಎಂದು ಬರೆದು, ಮುಂದೆ ತನ್ನ ಕೆಲಸದ ಹೆಸರು ಕೊಡುತ್ತಾಳೆ. ಕೆಲಸ ಸರಾಗವಾಗಿ ಓಡುತ್ತದೆ. ಮುಂದಿನ ತಿಂಗಳು ಅವಳಿಗೆ ದೊಡ್ಡ ಯಂತ್ರವೊಂದರಲ್ಲಿ ಜಾಗ ಸಿಗುತ್ತದೆ. ಅಲ್ಲಿರುವುದು ಸ್ಲರ್ಮ್ ಎಂಬ ಇನ್ನೊಂದು ಶೆಡ್ಯೂಲರ್. ಪ್ರತಿ ಸಾಲಿನ ಮೊದಲ ಪದವನ್ನು ಸ್ಲರ್ಮ್‌ಗೆ ತಕ್ಕಂತೆ ಬದಲಾಯಿಸಿ, ಉಳಿದದ್ದನ್ನು ಹಾಗೇ ಬಿಟ್ಟು ಕಳಿಸುತ್ತಾಳೆ. ತಕ್ಷಣ ಎರರ್ ಬರುತ್ತದೆ. ಯಾಕೆಂದರೆ ಸ್ಲರ್ಮ್‌ನಲ್ಲಿ ಅದೇ 'ಎನ್' ಅಂದರೆ ಎಷ್ಟು ನೋಡ್‌ಗಳು (ಕ್ಲಸ್ಟರಿನ ಯಂತ್ರಗಳು) ಬೇಕು ಎಂಬ ಸಂಖ್ಯೆ. ಹೆಸರು ಕೊಡೋಕೆ ಅಲ್ಲಿ 'ಜೆ' ಬರೆಯಬೇಕು. ಸರದಿ ಸಾಲಿಗೆ ಪಿಬಿಎಸ್‌ನಲ್ಲಿ 'ಕ್ಯೂ', ಸ್ಲರ್ಮ್‌ನಲ್ಲಿ 'ಪಿ'. ಮೆಮೊರಿ ಕೇಳುವ ರೀತಿಯೂ ಬೇರೆ.

ಇಷ್ಟೇನಾ ಅನ್ನಿಸಬಹುದು. ಅನುಭವ ಇರುವವರಿಗೆ ಅರ್ಧ ಗಂಟೆಯ ಕೆಲಸ. ಆದರೆ ಪಕ್ಕದಲ್ಲಿ ಕೇಳೋಕೆ ಯಾರೂ ಇಲ್ಲದ ಲ್ಯಾಬ್‌ನಲ್ಲಿ ಇದೇ ವಾರಗಟ್ಟಲೆ ಎಳೆಯುತ್ತದೆ. ಇದಾದ ಮೇಲೆ ಲೈಬ್ರರಿಗಳ (ಪ್ರೋಗ್ರಾಂ ಬಳಸುವ ಸಿದ್ಧ ಕೋಡ್) ವರ್ಷನ್, ಲಾಗಿನ್, ಡೇಟಾ ಸಾಗಾಟದ ತೊಂದರೆಗಳು ಒಂದೊಂದಾಗಿ ಶುರುವಾಗುತ್ತವೆ. ದೊಡ್ಡ ಸಂಸ್ಥೆ ಇದಕ್ಕೆಂದೇ ನಾಲ್ಕು ಜನ ಎಂಜಿನಿಯರ್‌ಗಳನ್ನು ಇಟ್ಟುಕೊಳ್ಳುತ್ತದೆ. ಸಣ್ಣ ಊರಿನ ಕಾಲೇಜಿಗೆ ಆ ಶಕ್ತಿ ಇಲ್ಲ. ಹಾಗಾಗಿ ಎಲ್ಲರೂ ಒಪ್ಪಿದ ನಿಯಮ, ಅಂದರೆ ಸಾಮಾನ್ಯ ಸ್ಟ್ಯಾಂಡರ್ಡ್ ಇದ್ದರೆ ಹೆಚ್ಚು ಉಪಯೋಗ ಆಗೋದು ಸಣ್ಣವರಿಗೆ. ಇಲ್ಲದಿದ್ದರೆ ಹೆಚ್ಚು ನಷ್ಟ ಆಗೋದೂ ಅವರಿಗೇ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಬ್ಲಫ್‌ನಿಂದ ಕೆಜಿಎಫ್‌ಗೆ

ಕಂಪ್ಯೂಟರ್ ಬಲವನ್ನು ದೂರದಿಂದ ಪಡೆಯುವ ಯೋಚನೆಗೆ ಮಾದರಿಯಾಗಿದ್ದು ವಿದ್ಯುತ್. ಮಂಡ್ಯ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನಲ್ಲಿ ಜನ ಬ್ಲಫ್ ಎಂದೇ ಕರೆಯುವ ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರಲ್ಲಿ ಶುರುವಾಯಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಒಂದು ಕೇಂದ್ರ, ಒಂದು ಲೈನ್, ಒಬ್ಬ ಗ್ರಾಹಕ. ಅಷ್ಟಕ್ಕೆ ಹೆಚ್ಚು ಒಪ್ಪಂದ ಬೇಕಿರಲಿಲ್ಲ. ಇಡೀ ದೇಶ ಒಂದೇ ಗ್ರಿಡ್ ಆಗಿದ್ದು ಬಹಳ ತಡವಾಗಿ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಸೇರಿತು. ಅವತ್ತಿನಿಂದ ಕಾಶ್ಮೀರದ ಜನರೇಟರೂ ಕನ್ಯಾಕುಮಾರಿಯ ಜನರೇಟರೂ 50 ಹರ್ಟ್ಸ್‌ನ ಒಂದೇ ತಾಳಕ್ಕೆ ತಿರುಗಬೇಕು. ಆ ಶಿಸ್ತು ಇಲ್ಲದೆ ಬರೀ ತಂತಿ ಎಳೆದಿದ್ದರೆ ಏನೂ ಆಗುತ್ತಿರಲಿಲ್ಲ.

1990ರ ದಶಕದ ಕೊನೆಯಲ್ಲಿ ಅಮೆರಿಕದ ಇಯಾನ್ ಫಾಸ್ಟರ್, ಕಾರ್ಲ್ ಕೆಸಲ್‌ಮನ್ ಮತ್ತವರ ಜೊತೆಗಾರರು ಕಂಪ್ಯೂಟಿಂಗ್ ಕೂಡ ಹೀಗೇ ಒಂದು ಗ್ರಿಡ್ ಆಗಬೇಕು ಎಂದರು. ಪ್ಲಗ್ ಹಾಕಿದರೆ ಬಲ ಬರಬೇಕು, ಎಲ್ಲಿಂದ ಬಂತು ಎಂದು ಕೇಳುವ ಹಾಗಿರಬಾರದು. ಅವರ ಗ್ಲೋಬಸ್ ಟೂಲ್‌ಕಿಟ್ ಈ ಕೆಲಸದ ಮೊದಲ ದೊಡ್ಡ ಸಾಫ್ಟ್‌ವೇರ್. ವಿದ್ಯುತ್ತಿಗಿಂತ ಇಲ್ಲಿನ ಕಷ್ಟ ಜಾಸ್ತಿ. ಯಾವ ಕೇಂದ್ರದ ವಿದ್ಯುತ್ತಾದರೂ ಬಲ್ಬ್ ಉರಿಯುತ್ತದೆ. ಕಂಪ್ಯೂಟಿಂಗ್‌ನಲ್ಲಿ ಕೆಲಸದ ವಿವರಣೆ, ಡೇಟಾ, ಗುರುತಿನ ಚೀಟಿ, ಭದ್ರತೆ, ಲೆಕ್ಕಪತ್ರ ಎಲ್ಲವೂ ಹೊಂದಬೇಕು.

ನಿಯಮ ಬರೆಯಲು ಕೂತವರು

1999ರ ಜೂನ್‌ನಲ್ಲಿ ಅಮೆರಿಕದ ನಾಸಾ ಏಮ್ಸ್ ಕೇಂದ್ರದಲ್ಲಿ ಗ್ರಿಡ್ ಫೋರಂನ ಮೊದಲ ಸಭೆ ನಡೆಯಿತು. ಯುರೋಪ್ ಮತ್ತು ಏಷ್ಯಾ ಪೆಸಿಫಿಕ್‌ನ ಗುಂಪುಗಳೂ ಸೇರಿಕೊಂಡವು. 2001ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗ್ಲೋಬಲ್ ಗ್ರಿಡ್ ಫೋರಂ ಹೆಸರಿನಲ್ಲಿ ಮೊದಲ ಸಭೆ ಸೇರಿತು. ಇಲ್ಲಿ ಬಹುತೇಕ ಎಲ್ಲರೂ ವಿಶ್ವವಿದ್ಯಾಲಯ, ರಾಷ್ಟ್ರೀಯ ಪ್ರಯೋಗಾಲಯಗಳ ಕಡೆಯವರು. ಇಂಟರ್‌ನೆಟ್‌ನ ನಿಯಮ ಬರೆಯುವ ಐಇಟಿಎಫ್‌ನ ಪದ್ಧತಿಯನ್ನೇ ಇವರೂ ಹಿಡಿದರು. ಕರಡು ಎಲ್ಲರಿಗೂ ಸಿಗುತ್ತದೆ, ಯಾರು ಬೇಕಾದರೂ ತಪ್ಪು ತೋರಿಸಬಹುದು, ಅಂತಿಮ ದಾಖಲೆ ಉಚಿತ.

ಕಂಪನಿಗಳ ಅವಸರ ಬೇರೆ ಇತ್ತು. ವಿಜ್ಞಾನಿಗಳಿಗೆ ದೇಶ ದಾಟಿ ಯಂತ್ರ ಹಂಚಿಕೊಳ್ಳಬೇಕಿತ್ತು. ಕಂಪನಿಗಳಿಗೆ ತಮ್ಮದೇ ಡೇಟಾ ಸೆಂಟರ್ ಒಳಗಿನ ಸರ್ವರ್‌ಗಳನ್ನು ಚೆನ್ನಾಗಿ ಬಳಸಿಕೊಂಡರೆ ಸಾಕಿತ್ತು. 2004ರಲ್ಲಿ ಒರಾಕಲ್, ಸನ್, ಎಚ್‌ಪಿ, ಇಂಟೆಲ್ ಮುಂತಾದ ಕಂಪನಿಗಳು ಸೇರಿ ಎಂಟರ್‌ಪ್ರೈಸ್ ಗ್ರಿಡ್ ಅಲಯನ್ಸ್ ಕಟ್ಟಿದವು. ಒಂದೇ ವಿಷಯಕ್ಕೆ ಎರಡು ಗುಂಪು. ಇದು ಸರಿಹೋಗಲ್ಲ ಎಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು. 2006ರಲ್ಲಿ ಎರಡೂ ಸೇರಿ ಓಪನ್ ಗ್ರಿಡ್ ಫೋರಂ ಆಯಿತು.

ಈ ಗುಂಪುಗಳಿಂದ ಬಂದ ಕೆಲವು ದಾಖಲೆಗಳು ನಿಜಕ್ಕೂ ಒಳ್ಳೆಯವು. ದೊಡ್ಡ ಫೈಲ್‌ಗಳನ್ನು ಒಂದೇ ಸಲ ಹಲವು ಧಾರೆಗಳಲ್ಲಿ ಕಳಿಸುವ ಗ್ರಿಡ್ ಎಫ್‌ಟಿಪಿ ಬಂದಿದ್ದು 2003ರಲ್ಲಿ. ಎರಡು ದೂರದ ಯಂತ್ರಗಳ ನಡುವೆ ಡೇಟಾ ಹೋಗಬೇಕಾದರೆ ಅದು ನಿಮ್ಮ ಲ್ಯಾಪ್‌ಟಾಪ್ ಮೂಲಕ ಹಾದು ಹೋಗಬೇಕಿಲ್ಲ. ನೀವು ಆಜ್ಞೆ ಕೊಟ್ಟರೆ ಸಾಕು, ಅವು ನೇರವಾಗಿ ಮಾತಾಡಿಕೊಳ್ಳುತ್ತವೆ. ಮೇಲೆ ಹೇಳಿದ 'ಎನ್' ಮತ್ತು 'ಜೆ' ಗೊಂದಲಕ್ಕೂ 2005ರಲ್ಲೇ ಪರಿಹಾರ ಬರೆದಿದ್ದರು. ಜೆಎಸ್‌ಡಿಎಲ್ ಎಂಬ ಆ ಭಾಷೆಯಲ್ಲಿ ಕೆಲಸವನ್ನು ಒಮ್ಮೆ ವಿವರಿಸಿದರೆ ಯಾವ ಶೆಡ್ಯೂಲರ್ ಆದರೂ ಅರ್ಥ ಮಾಡಿಕೊಳ್ಳಬೇಕು ಅನ್ನೋದು ಉದ್ದೇಶ. ಆದರೆ ಅದು ಪ್ರತಿ ವಿವರಕ್ಕೂ ಟ್ಯಾಗ್ ಎಂಬ ಗುರುತು ಹಚ್ಚುವ ಎಕ್ಸ್‌ಎಂಎಲ್‌ನಲ್ಲಿತ್ತು. ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆಯುತ್ತಿದ್ದವರಿಗೆ ಅರ್ಧ ಪುಟ ಟ್ಯಾಗ್ ಬರೆಯಲು ಮನಸ್ಸಾಗಲಿಲ್ಲ. ಇಪ್ಪತ್ತು ವರ್ಷದ ಮೇಲೂ ನಮ್ಮ ವಿದ್ಯಾರ್ಥಿಗಳು ಅದೇ 'ಎನ್' ಹತ್ತಿರ ಎಡವುತ್ತಿದ್ದಾರೆ ಅನ್ನೋದು ನನಗೆ ಬೇಜಾರಿನ ಸಂಗತಿ.

ದೊಡ್ಡ ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ. 2002ರಲ್ಲಿ ಫೋರಂ ತನ್ನ ಇಡೀ ಕಟ್ಟಡವನ್ನು ಆಗ ಜೋರಾಗಿದ್ದ ವೆಬ್ ಸರ್ವೀಸ್ (ವೆಬ್ ಮೂಲಕ ಪ್ರೋಗ್ರಾಂಗಳು ಮಾತಾಡಿಕೊಳ್ಳುವ) ತಂತ್ರಜ್ಞಾನದ ಮೇಲೆ ನಿಲ್ಲಿಸಲು ಹೊರಟಿತು. ಅದಕ್ಕಾಗಿ ಒಜಿಎಸ್ಐ ಎಂಬ ನಿಯಮ 2003ರಲ್ಲಿ ಬಂತು. ಗ್ಲೋಬಸ್‌ನ ಮೂರನೇ ಆವೃತ್ತಿ ಅದರ ಮೇಲೆ ಬರೆದದ್ದು. ಉಳಿದ ವೆಬ್ ಲೋಕಕ್ಕೆ ಅದು ಒಗ್ಗಲಿಲ್ಲ. 2004ರ ಜನವರಿಯಲ್ಲೇ ಅದನ್ನು ಬಿಟ್ಟು ಡಬ್ಲ್ಯೂಎಸ್ಆರ್‌ಎಫ್ ಎಂಬ ಹೊಸ ನಿಯಮ ಪ್ರಕಟಿಸಿದರು. 2005ರಲ್ಲಿ ನಾಲ್ಕನೇ ಆವೃತ್ತಿ ಬಂತು. ಹಳೆಯದನ್ನು ನಂಬಿ ಕೋಡ್ ಬರೆದವರು ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು. ಜಿನೀವಾದ ಸರ್ನ್‌ನ ಭೌತವಿಜ್ಞಾನಿಗಳು ಈ ಓಟಕ್ಕೇ ಇಳಿಯಲಿಲ್ಲ. ಎರಡನೇ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದ ಭಾಗಗಳನ್ನೇ ಹಿಡಿದುಕೊಂಡು ಮುಂದೆ ಹೋದರು. ಒಂದು ಸ್ಟ್ಯಾಂಡರ್ಡ್ ಸುಂದರವಾಗಿರುವುದಕ್ಕಿಂತ ಐದು ವರ್ಷ ಅಲುಗಾಡದೆ ಇರುವುದು ಮುಖ್ಯ ಅಂತ ಈ ಪ್ರಸಂಗ ನೋಡಿದರೆ ಅನ್ನಿಸುತ್ತದೆ.

ಅದೇ 2006ರಲ್ಲಿ, ಎರಡು ಗುಂಪುಗಳು ಒಂದಾದ ವರ್ಷದಲ್ಲೇ, ಅಮೆಜಾನ್ ಮಾರ್ಚ್‌ನಲ್ಲಿ ಎಸ್3 ಸ್ಟೋರೇಜ್, ಆಗಸ್ಟ್‌ನಲ್ಲಿ ಇಸಿ2 ಬಾಡಿಗೆ ಸರ್ವರ್ ಬಿಟ್ಟಿತು. ಸಮಿತಿ ಇಲ್ಲ, ಕರಡು ಇಲ್ಲ. ಕಾರ್ಡ್ ನಂಬರ್ ಕೊಟ್ಟರೆ ನಿಮಿಷಗಳಲ್ಲಿ ಯಂತ್ರ ಸಿಗುತ್ತಿತ್ತು. ಕಂಪನಿಗಳೆಲ್ಲ ಆ ಕಡೆ ಹೋದವು. ಇವತ್ತು ಎಸ್3ರ ಎಪಿಐಯನ್ನು, ಅಂದರೆ ಬೇರೆ ಪ್ರೋಗ್ರಾಂಗಳು ಅದರ ಜೊತೆ ಮಾತಾಡುವ ರೀತಿಯನ್ನು, ಜಗತ್ತಿನ ಬಹುಪಾಲು ಸ್ಟೋರೇಜ್ ಸಾಫ್ಟ್‌ವೇರ್‌ಗಳು ಅನುಸರಿಸುತ್ತವೆ. ಯಾವ ಸಮಿತಿಯೂ ಅದನ್ನು ಮಂಜೂರು ಮಾಡಿಲ್ಲ. ಓಪನ್ ಗ್ರಿಡ್ ಫೋರಂ ಕೂಡ ಹೀಗೆ ಬಾಡಿಗೆಗೆ ಸಿಗುವ ಕಂಪ್ಯೂಟಿಂಗ್, ಅಂದರೆ ಕ್ಲೌಡ್‌ಗೆಂದು ಒಸಿಸಿಐ ಎಂಬ ಸ್ಟ್ಯಾಂಡರ್ಡ್ ತಂದಿತು. ಅದು ಪ್ರಕಟವಾದ 2011ರ ಹೊತ್ತಿಗೆ ತಡವಾಗಿತ್ತು.

ಗೆದ್ದವರು ಯಾಕೆ ಗೆದ್ದರು

ಇಷ್ಟೆಲ್ಲ ಹೇಳಿದ ಮೇಲೆ ಗ್ರಿಡ್ ಸೋತಿತು ಅಂತ ಮುಗಿಸಿಬಿಡುವುದು ಸುಲಭ. ಹಾಗೆ ಬರೆದ ಲೇಖನಗಳು ಬೇಕಾದಷ್ಟಿವೆ. ನಾನು ಒಪ್ಪಲ್ಲ. ಸರ್ನ್‌ನ ಎಲ್‌ಎಚ್‌ಸಿ ಎಂಬ ಕಣಗಳ ಡಿಕ್ಕಿ ಯಂತ್ರದ ಪ್ರಯೋಗಗಳ ಡೇಟಾ ಇವತ್ತಿಗೂ 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳಲ್ಲಿ ಹಂಚಿಕೊಂಡು ಓಡುತ್ತಿದೆ. ಮುಂಬೈಯ ಟಿಐಎಫ್ಆರ್ ಮತ್ತು ಕೋಲ್ಕತ್ತಾದ ವಿಇಸಿಸಿ ಅದರಲ್ಲಿ ಭಾರತದ ಕೇಂದ್ರಗಳು. ಆ ಗುಂಪಿಗೆ ಮೊದಲೇ ಒಂದು ಕೆಲಸ ಇತ್ತು, ಒಂದು ಗಡುವು ಇತ್ತು. ಡೇಟಾ ಬಂದೇ ಬರುತ್ತದೆ, ಒಂದೇ ಕಡೆ ಹಿಡಿಸಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಒಪ್ಪಂದ ಆಯಿತು. ಗ್ಲೋಬಸ್ ಟೂಲ್‌ಕಿಟ್‌ನ ಬೆಂಬಲ 2018ರಲ್ಲಿ ನಿಂತಾಗ ಅವರು ಕುಸಿಯಲಿಲ್ಲ. ಗ್ರಿಡ್ ಎಫ್‌ಟಿಪಿಯಿಂದ ವೆಬ್‌ನ ಎಚ್‌ಟಿಟಿಪಿ ಕಡೆಗೆ, ಗುರುತು ತೋರಿಸಲು ಸರ್ಟಿಫಿಕೇಟ್‌ನಿಂದ ಟೋಕನ್ ಕಡೆಗೆ ಮೆಲ್ಲಗೆ ಸಾಗಿದರು. ಸಾಫ್ಟ್‌ವೇರ್ ಹೋದರೂ ಒಪ್ಪಂದ ಉಳಿಯಿತು.

ಅವರು ಬಿಡಿಸಿದ ಅತಿ ಕಷ್ಟದ ಗಂಟು ನಂಬಿಕೆಯದು. ಮಂಡ್ಯದ ಹುಡುಗಿ ಕಳಿಸಿದ ಕೆಲಸವನ್ನು ಇಟಲಿಯ ಯಂತ್ರ ಯಾಕೆ ಓಡಿಸಬೇಕು? ಅವಳು ಯಾರು ಎಂದು ಅಲ್ಲಿನವರಿಗೆ ಹೇಗೆ ಗೊತ್ತು? ಇದಕ್ಕಾಗಿ 2005ರಲ್ಲಿ ಐಜಿಟಿಎಫ್ ಎಂಬ ಒಕ್ಕೂಟ ಹುಟ್ಟಿತು. ಪ್ರತಿ ದೇಶದಲ್ಲಿ ಒಂದು ಸಂಸ್ಥೆ ಸರ್ಟಿಫಿಕೇಟ್ ಕೊಡುತ್ತದೆ, ಉಳಿದ ದೇಶಗಳು ಅದನ್ನು ನಂಬುತ್ತವೆ. ಭಾರತದಲ್ಲಿ ಆ ಕೆಲಸ ಮಾಡಿದ್ದು ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆಯಾದ ಬೆಂಗಳೂರಿನ ಸಿ-ಡ್ಯಾಕ್. ಸರ್ಟಿಫಿಕೇಟ್ ಬೇಕಾದವರು ತಮ್ಮ ಸಂಸ್ಥೆಯ ಗುರುತಿನ ಚೀಟಿ ಹಿಡಿದು ನಿಗದಿಯಾದ ಅಧಿಕಾರಿಯ ಎದುರು ಖುದ್ದಾಗಿ ನಿಲ್ಲಬೇಕಿತ್ತು. ಕಿರಿಕಿರಿಯ ಪದ್ಧತಿ, ನಿಜ. ಆದರೆ ಆ ಒಂದು ಸಹಿಯಿಂದ ಹತ್ತಾರು ದೇಶಗಳ ಬಾಗಿಲು ತೆರೆಯುತ್ತಿತ್ತು.

ಸಿ-ಡ್ಯಾಕ್‌ನದೇ ಗರುಡ ಯೋಜನೆಯನ್ನೂ ನೆನೆಯಬೇಕು. ಮೊದಲ ಹಂತದಲ್ಲಿ 17 ನಗರಗಳ 45 ಸಂಸ್ಥೆಗಳನ್ನು ಜೋಡಿಸಿದ ರಾಷ್ಟ್ರೀಯ ಗ್ರಿಡ್ ಅದು. ಆಮೇಲೆ 2010ರಲ್ಲಿ ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ರಾಷ್ಟ್ರೀಯ ಜ್ಞಾನ ಜಾಲ ಬಂತು. 2015ರಲ್ಲಿ 4,500 ಕೋಟಿಯ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಬಂತು. 2022ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಬಂತು. ಯಂತ್ರಗಳಿಗೆ ಹಣ ಸಿಕ್ಕಿತು. ಅವುಗಳನ್ನು ಹಂಚಿಕೊಳ್ಳುವ ನಿಯಮದ ಬಗ್ಗೆ ಗರುಡದ ಕಾಲದಲ್ಲಿದ್ದ ಮಾತುಕತೆ ಆಮೇಲೆ ತೆಳುವಾಯಿತು ಅನ್ನೋದು ನನ್ನ ಅಭಿಪ್ರಾಯ.

ಈಗ ನಿಯಮ ಬರೆಯುತ್ತಿರುವವರು

ಈಗಿನ ಸ್ಟ್ಯಾಂಡರ್ಡ್‌ಗಳು ಹೆಚ್ಚಾಗಿ ಕೋಡ್‌ನಿಂದ ಹುಟ್ಟುತ್ತವೆ. ಗೂಗಲ್ 2014ರಲ್ಲಿ ಕಂಟೇನರ್‌ಗಳನ್ನು (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿದ ಕಟ್ಟು) ಹಲವು ಯಂತ್ರಗಳಲ್ಲಿ ಓಡಿಸುವ ಕುಬರ್‌ನೆಟಿಸ್ ಎಂಬ ಸಾಫ್ಟ್‌ವೇರ್ ಬಿಟ್ಟಿತು. 2015ರಲ್ಲಿ ಅದನ್ನು ನೋಡಿಕೊಳ್ಳಲು ಸಿಎನ್‌ಸಿಎಫ್ ಎಂಬ ಪ್ರತಿಷ್ಠಾನ ಬಂತು. ಅದೇ ವರ್ಷ ಡಾಕರ್ ಮತ್ತು ಇತರ ಕಂಪನಿಗಳು ಸೇರಿ ಕಂಟೇನರ್ ಹೇಗಿರಬೇಕು ಎಂದು ಬರೆಯಲು ಒಸಿಐ ಎಂಬ ಗುಂಪು ಕಟ್ಟಿದವು. ಈ ಎರಡನೆಯದು ನಮ್ಮ ವಿದ್ಯಾರ್ಥಿನಿಗೆ ನೇರವಾಗಿ ಸಹಾಯ ಮಾಡುತ್ತದೆ. ತನ್ನ ಕೋಡ್, ಲೈಬ್ರರಿ ಎಲ್ಲವನ್ನೂ ಒಂದು ಕಂಟೇನರ್‌ನಲ್ಲಿ ಕಟ್ಟಿಟ್ಟರೆ ಅದನ್ನು ಕಾಲೇಜಿನ ಯಂತ್ರದಲ್ಲೂ ದೊಡ್ಡ ಯಂತ್ರದಲ್ಲೂ ಓಡಿಸಬಹುದು. ಶೆಡ್ಯೂಲರ್ ಗೊಂದಲ ಉಳಿಯುತ್ತದೆ. ಲೈಬ್ರರಿಯ ತಲೆನೋವು ಬಹಳ ಮಟ್ಟಿಗೆ ಹೋಗುತ್ತದೆ.

ಈ ಪದ್ಧತಿ ವೇಗದ್ದು. ಆದರೆ ಯಾರ ಬಳಿ ಹಣ, ಎಂಜಿನಿಯರ್‌ಗಳು ಇದ್ದಾರೋ ಅವರದೇ ಮಾತು ನಡೆಯುವ ಅಪಾಯ ಇದೆ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ವರ್ಜೀನಿಯಾ ವಲಯದಲ್ಲಿ ಇಂಟರ್‌ನೆಟ್ ವಿಳಾಸ ಹುಡುಕಿಕೊಡುವ ಡಿಎನ್ಎಸ್ ವ್ಯವಸ್ಥೆಗೆ ತೊಂದರೆಯಾಗಿ ಜಗತ್ತಿನ ಎಷ್ಟೋ ಆ್ಯಪ್‌ಗಳು ಗಂಟೆಗಟ್ಟಲೆ ನಿಂತುಹೋದವು. ಬೇರೆ ಕಡೆ ಹೋಗುವ ದಾರಿ ಮೊದಲೇ ಸಿದ್ಧ ಇಲ್ಲದಿದ್ದರೆ ಕಾಯುವುದೊಂದೇ ಗತಿ. ಯುರೋಪ್ ಇದನ್ನು ಕಾನೂನಿನಿಂದಲೇ ಸರಿಪಡಿಸಲು ಹೊರಟಿದೆ. ಅಲ್ಲಿನ ಡೇಟಾ ಆ್ಯಕ್ಟ್ 2025ರ ಸೆಪ್ಟೆಂಬರ್ 12ರಿಂದ ಜಾರಿಯಾಗಿದೆ. ಗ್ರಾಹಕರು ಒಂದು ಕ್ಲೌಡ್ ಬಿಟ್ಟು ಇನ್ನೊಂದಕ್ಕೆ ಹೋಗಲು ಕಂಪನಿ ಅಡ್ಡಿ ಮಾಡುವಂತಿಲ್ಲ. 2027ರ ಜನವರಿ 12ರಿಂದ ಅದಕ್ಕೆ ಶುಲ್ಕವನ್ನೂ ಹಾಕುವಂತಿಲ್ಲ. ನಮ್ಮ ದೇಶದಲ್ಲಿ ಬೆಂಗಳೂರಿನ ಪೀಪಲ್ ಪ್ಲಸ್ ಎಐ ಎಂಬ ಗುಂಪು 2024ರಲ್ಲಿ ಓಪನ್ ಕ್ಲೌಡ್ ಕಂಪ್ಯೂಟ್ ಎಂಬ ಪ್ರಯತ್ನ ಶುರು ಮಾಡಿತು. ಸಣ್ಣ ಸಣ್ಣ ಡೇಟಾ ಸೆಂಟರ್‌ಗಳನ್ನು ಸಾಮಾನ್ಯ ನಿಯಮಗಳ ಮೂಲಕ ಒಂದು ಜಾಲವಾಗಿ ಬೆಸೆಯುವ ಯೋಚನೆ ಅದು. ಗ್ರಿಡ್‌ನ ಹಳೆಯ ಕನಸೇ ಹೊಸ ಬಟ್ಟೆಯಲ್ಲಿ ಬಂದಿದೆ. ಗ್ರಿಡ್ ಎಡವಿದ ಜಾಗಗಳನ್ನು ಇವರು ಓದಿಕೊಂಡರೆ ನನಗೆ ಸಂತೋಷ.

ಮಾನಸಗಂಗೋತ್ರಿಯ ಪಕ್ಕದ ಕಟ್ಟಡಗಳು

ಮೈಸೂರಿನ ಪರಿಸ್ಥಿತಿ ವಿಶೇಷವಾದದ್ದು. ಮಾನಸಗಂಗೋತ್ರಿಯಲ್ಲಿ ವಿಶ್ವವಿದ್ಯಾಲಯ, ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ ಹತ್ತಿರ ಹತ್ತಿರ ಇವೆ. ಊರೊಳಗೆ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇದೆ. ಎನ್ಐಇ, ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜುಗಳಿವೆ. ಮುಕ್ಕಾಲು ಗಂಟೆ ದೂರದ ಮಂಡ್ಯದಲ್ಲಿ ಪಿಇಎಸ್ ಕಾಲೇಜು, ಕೃಷಿ ಸಂಶೋಧನೆಯ ವಿ.ಸಿ. ಫಾರಂ ಇವೆ. ಮಾತು, ಭಾಷೆ, ಆಹಾರ, ಬೆಳೆ ಎಲ್ಲಕ್ಕೂ ಈಗ ಕಂಪ್ಯೂಟರ್ ಬಲ ಬೇಕು. ಕನ್ನಡದ ಮಾತು ಗುರುತಿಸುವ ಒಳ್ಳೆಯ ಮಾಡೆಲ್ ಬೇಕಾದರೆ ಇದಕ್ಕಿಂತ ಒಳ್ಳೆಯ ಊರು ಯಾವುದಿದೆ?

ಆದರೆ ತೊದಲುವ ಮಗುವಿನ ಧ್ವನಿಯ ರೆಕಾರ್ಡಿಂಗ್ ಸುಮ್ನೆ ಯಾವುದೋ ಕ್ಲೌಡ್‌ಗೆ ಹಾಕುವ ವಸ್ತುವಲ್ಲ. ಅದು ರೋಗಿಯ ಖಾಸಗಿ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದ ಮೇಲಂತೂ ಸಂಸ್ಥೆಗಳು ಇನ್ನೂ ಎಚ್ಚರ ವಹಿಸಲೇಬೇಕು. ಡೇಟಾ ಇದ್ದಲ್ಲೇ ಇರಲಿ, ಲೆಕ್ಕಾಚಾರವೇ ಅಲ್ಲಿಗೆ ಹೋಗಲಿ ಅನ್ನೋದು ಇದಕ್ಕೊಂದು ದಾರಿ. ಮಾಡೆಲ್ ಒಂದೊಂದು ಸಂಸ್ಥೆಯ ಒಳಗೇ ಕಲಿಯುತ್ತದೆ. ಕಲಿತ ಅಂಕಿಗಳಷ್ಟೇ ಹೊರಗೆ ಬರುತ್ತವೆ. ಆ ಅಂಕಿಗಳಿಂದಲೂ ಮೂಲದ ಸುಳಿವು ಸಿಗದ ಹಾಗೆ ಕಾಯಬೇಕು. ಇದಕ್ಕೆ ಪ್ರತಿ ಸಂಸ್ಥೆಯ ಯಂತ್ರವೂ ಒಂದೇ ನಿಯಮದ ಪ್ರಕಾರ ಮಾತಾಡಬೇಕು. ಒಬ್ಬೊಬ್ಬರು ಒಂದೊಂದು ಕಂಪನಿಯ ಬೇರೆ ಬೇರೆ ಪೆಟ್ಟಿಗೆ ತಂದಿಟ್ಟುಕೊಂಡರೆ ಆಗಲ್ಲ.

ಶುರು ಮಾಡೋಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಲಾಗಿನ್‌ಗೆ ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲವಾದ ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ಇದೆ. ಕಾಲೇಜಿನ ಗುರುತಿನಿಂದಲೇ ಹೊರಗಿನ ಸೇವೆ ಬಳಸುವ ವ್ಯವಸ್ಥೆ ಅದು. ವೈಫೈಗೆ ಅರ್ನೆಟ್ ನಡೆಸುವ ಎಡುರೋಮ್ ಇದೆ. ಎರಡೂ ಜಗತ್ತಿನ ಸ್ಟ್ಯಾಂಡರ್ಡ್‌ಗಳ ಮೇಲೇ ನಿಂತಿವೆ. ಐದಾರು ಸಂಸ್ಥೆಗಳ ಸಿಸ್ಟಂ ಅಡ್ಮಿನ್‌ಗಳು ತಿಂಗಳಿಗೊಮ್ಮೆ ಒಂದು ಕಡೆ ಕೂತು ಮಾತಾಡಿದರೆ ಅರ್ಧ ಕೆಲಸ ಆದ ಹಾಗೆ. ಗ್ರಿಡ್ ಫೋರಂ ಕೂಡ ಇಂಥದ್ದೇ ಸಭೆಗಳಿಂದ ಶುರುವಾಯಿತು, ಅಲ್ವಾ?

ನಿಯಮ ಬರೆಯುವ ಮೇಜಿನ ಹತ್ತಿರವೂ ನಮ್ಮವರು ಹೋಗಬೇಕು. ಐಇಟಿಎಫ್‌ಗೆ ಸದಸ್ಯತ್ವವೇ ಇಲ್ಲ. ಇಮೇಲ್ ಇದ್ದರೆ ಮೈಸೂರಿನ ಹೆಬ್ಬಾಳದ ಎಂಜಿನಿಯರ್ ಕೂಡ ಕರಡು ಓದಿ ಅಭಿಪ್ರಾಯ ಹೇಳಬಹುದು. ಕುಬರ್‌ನೆಟಿಸ್‌ನ ಗುಂಪುಗಳ ಸಭೆಗಳು ಆನ್‌ಲೈನ್‌ನಲ್ಲಿ ಎಲ್ಲರಿಗೂ ತೆರೆದಿವೆ. ಕ್ಲೌಡ್ ಮತ್ತು ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್‌ಗೆಂದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆಗಳಾದ ಐಎಸ್ಒ ಮತ್ತು ಐಇಸಿಯ ಜಂಟಿ ಉಪಸಮಿತಿಯೊಂದು 2009ರಿಂದ ಇದೆ. ಐಎಸ್ಒದಲ್ಲಿ ಭಾರತದ ಪರವಾಗಿ ಕೂರುವುದು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ. ಬಿಐಎಸ್ ಸಮಿತಿಗಳಲ್ಲಿ ಕಾಲೇಜುಗಳ ಅಧ್ಯಾಪಕರಿಗೂ ಜಾಗ ಇದೆ. ಮೈಸೂರಿನಲ್ಲಿ ಸಾಫ್ಟ್‌ವೇರ್ ಬಲ್ಲವರಿಗೆ ಕೊರತೆ ಇಲ್ಲ. ನಮ್ಮ ಬಿಟೆಕ್ ಪಾಠಗಳಲ್ಲಿ ಸ್ಟ್ಯಾಂಡರ್ಡ್ ಅಂದರೆ ಓದಿ ಪರೀಕ್ಷೆ ಬರೆಯುವ ವಸ್ತು. ಅದನ್ನು ಬರೆಯುವವರೂ ನಮ್ಮಂಥವರೇ ಅಂತ ಒಬ್ಬ ಅಧ್ಯಾಪಕರು ಕ್ಲಾಸಿನಲ್ಲಿ ಹೇಳಿ, ಒಂದು ಕರಡು ತೆಗೆದು ತೋರಿಸಿದರೆ ಎಷ್ಟೋ ಮಕ್ಕಳ ದಾರಿ ಬದಲಾಗಬಹುದು.

ತಕ್ಷಣ ಮಾಡಬಹುದಾದದ್ದು ಟೆಂಡರ್‌ನಲ್ಲಿದೆ. ಮಾರ್ಚ್ ಬಂತೆಂದರೆ ಅನುದಾನ ಖರ್ಚು ಮಾಡುವ ಅವಸರದಲ್ಲಿ ಎಷ್ಟೋ ಸಂಸ್ಥೆಗಳು ಜಿಪಿಯು ಸರ್ವರ್ ಕೊಳ್ಳುತ್ತವೆ. ಟೆಂಡರ್‌ನಲ್ಲಿ ಎಷ್ಟು ಕೋರ್, ಎಷ್ಟು ಮೆಮೊರಿ ಎಂದು ಪುಟಗಟ್ಟಲೆ ಇರುತ್ತದೆ. ಅದರ ಕೆಳಗೆ ಇನ್ನೂ ನಾಲ್ಕು ವಾಕ್ಯ ಸೇರಿಸಿ. ಸ್ಟೋರೇಜ್ ಎಸ್3 ಎಪಿಐಗೆ ಹೊಂದಬೇಕು. ಒಸಿಐ ಕಂಟೇನರ್‌ಗಳು ಓಡಬೇಕು. ಲಾಗಿನ್ ಇನ್‌ಫೆಡ್ ಜೊತೆ ಜೋಡಿಸಲು ಬರಬೇಕು. ಗುತ್ತಿಗೆ ಮುಗಿದ ದಿನ ಎಲ್ಲ ಡೇಟಾವನ್ನೂ ಹೆಚ್ಚಿನ ಶುಲ್ಕ ಇಲ್ಲದೆ, ಮುಕ್ತ ಫಾರ್ಮ್ಯಾಟ್‌ನಲ್ಲಿ ವಾಪಸ್ ಕೊಡಬೇಕು. ಸ್ಪೆಸಿಫಿಕೇಷನ್ ಅಂತಿಮ ಮಾಡುವ ಮುಂಚೆ ಪಕ್ಕದ ಸಂಸ್ಥೆಗೆ ಒಂದು ಫೋನ್ ಮಾಡಿ, ಅವರ ಶೆಡ್ಯೂಲರ್ ಯಾವುದು ಅಂತ ಕೇಳಿಕೊಂಡು ಅದನ್ನೇ ಬರೆಯಿರಿ.